ವೃತ್ತಾಕಾರದ ಆರ್ಥಿಕತೆ: ಸಂಶೋಧನೆಯ ಹಣಕ್ಕೆ ಸರ್ಕಾರಗಳು ಕೈಜೋಡಿಸಬೇಕೆ?

ಪರ: ಒಂಟಿಯಾಗಿ ಹೂಡಿದರೆ ಅರ್ಧ ಕೆಲಸವೇ

ಬಳಸಿ ಎಸೆಯುವ ಬದಲು ವಸ್ತುಗಳನ್ನು ರಿಪೇರಿ, ಮರುಬಳಕೆಗಳ ಮೂಲಕ ಮತ್ತೆ ಮತ್ತೆ ಬಳಕೆಗೆ ತರುವುದೇ ವೃತ್ತಾಕಾರದ ಆರ್ಥಿಕತೆ. ಅದರ ಕಷ್ಟ ತಿಳಿಯಲು ಬ್ಯಾಟರಿಯನ್ನೇ ನೋಡಿ. ಹಳೆಯ ಲಿಥಿಯಂ-ಅಯಾನ್ ಬ್ಯಾಟರಿಯ ಚಾರ್ಜ್ ಪೂರ್ತಿ ಇಳಿಸಿ, ಬಿಚ್ಚಿ, ಪುಡಿಮಾಡಿ, ಜರಡಿ ಹಿಡಿದರೆ ಉಳಿಯುವುದು ಕಪ್ಪು ಪುಡಿ. ಉದ್ಯಮದವರು ಅದನ್ನು 'ಬ್ಲ್ಯಾಕ್ ಮಾಸ್' ಎನ್ನುತ್ತಾರೆ. ಲಿಥಿಯಂ, ಕೋಬಾಲ್ಟ್, ನಿಕಲ್, ಗ್ರಾಫೈಟ್ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಕುಲುಮೆಗೆ ಹಾಕಿದರೆ ಕೋಬಾಲ್ಟ್, ನಿಕಲ್ ಕೈಗೆ ಬರುತ್ತವೆ; ಲಿಥಿಯಂ ಬಹುಪಾಲು ಕಿಟ್ಟದ ಪಾಲು. ಆಮ್ಲದಲ್ಲಿ ಕರಗಿಸಿ ಬೇರ್ಪಡಿಸುವ ದಾರಿಯೂ ಇದೆ. ಆದರೆ ಬ್ಯಾಟರಿಯ ರಾಸಾಯನಿಕ ರಚನೆ ಬದಲಾದ ಹಾಗೆಲ್ಲ ಆ ವಿಧಾನವನ್ನೂ ತಿದ್ದಬೇಕು.

ಇಷ್ಟನ್ನೂ ಬಲ್ಲ ಒಂದೇ ದೇಶ ಸಿಗುವುದು ಕಷ್ಟ. ಗಣಿ ಒಂದು ಕಡೆ, ಲೋಹ ಶುದ್ಧೀಕರಣ ಇನ್ನೊಂದು ಕಡೆ, ಬ್ಯಾಟರಿ ಸಾಯುವುದು ಮತ್ತೊಂದು ಕಡೆ. ಪ್ರತಿ ಸರ್ಕಾರವೂ ತನ್ನ ಗಡಿಯೊಳಗಿನ ಪ್ರಯೋಗಾಲಯಕ್ಕಷ್ಟೇ ದುಡ್ಡು ಕೊಟ್ಟರೆ ಏನಾಗುತ್ತದೆ? ಎಲ್ಲರೂ ಸುಲಭದ ತುದಿಯಿಂದಲೇ ಶುರುಮಾಡುತ್ತಾರೆ, ಅದೇ ಕೆಲಸ ಹತ್ತು ಕಡೆ ನಡೆಯುತ್ತದೆ, ಕಷ್ಟದ ಕೊಂಡಿ ಅನಾಥವಾಗುತ್ತದೆ.

ಜೊತೆಗೂಡಿ ಮಾಡಬಹುದು ಎಂಬುದಕ್ಕೆ ಯುರೋಪಿನಲ್ಲೇ ಸಾಕ್ಷಿ ಇದೆ. 2011ರಲ್ಲಿ ಆರಂಭವಾದ 'ಎರಾ-ಮಿನ್' ಜಾಲದಲ್ಲಿ ಹಲವು ದೇಶಗಳ ಧನಸಹಾಯ ಸಂಸ್ಥೆಗಳು ಕಚ್ಚಾವಸ್ತುಗಳ ಸಂಶೋಧನೆಗೆ ಒಂದೇ ಪ್ರಕಟಣೆ ಹೊರಡಿಸಿ ಅರ್ಜಿ ಕರೆಯುತ್ತ ಬಂದವು. ದಕ್ಷಿಣ ಆಫ್ರಿಕಾ, ಚಿಲಿಯಂಥ ಗಣಿ ದೇಶಗಳೂ ಮುಂದೆ ಸೇರಿಕೊಂಡವು. ಆಯ್ಕೆ ಒಟ್ಟಾಗಿ, ಹಣ ಮಾತ್ರ ಆಯಾ ದೇಶದ್ದು ಆಯಾ ದೇಶದ ತಂಡಕ್ಕೆ. ತೆರಿಗೆದಾರನ ದುಡ್ಡು ಗಡಿ ದಾಟುವುದಿಲ್ಲ, ಜ್ಞಾನ ದಾಟುತ್ತದೆ. ನನಗೆ ಇದು ಬಹಳ ಜಾಣ ಏರ್ಪಾಡು ಎನಿಸುತ್ತದೆ.

ತಡಮಾಡಲು ಸಮಯವೂ ಇಲ್ಲ. 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್; ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಶೇ 22.3 ಮಾತ್ರ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ ತ್ಯಾಜ್ಯ ಬ್ಯಾಟರಿಯ ಲಿಥಿಯಂನಲ್ಲಿ 2027ರ ಕೊನೆಗೆ ಶೇ 50, 2031ರ ಕೊನೆಗೆ ಶೇ 80 ಮರಳಿ ಪಡೆಯಲೇಬೇಕು. ಗುರಿ ಎಲ್ಲರಿಗೂ ಒಂದೇ ಎಂದಮೇಲೆ ಹುಡುಕಾಟ ಮಾತ್ರ ಬೇರೆ ಬೇರೆ ಏಕೆ?

ವಿರೋಧ: ಮೊದಲು ಕೂಡಬೇಕಾದ್ದು ಹಣವಲ್ಲ

ಆ ಜಾಣ ಏರ್ಪಾಡಿನಲ್ಲೇ ತೊಡಕಿದೆ. ತಜ್ಞರು ಅರ್ಜಿಗಳನ್ನು ಗುಣದ ಮೇಲೆ ಕ್ರಮವಾಗಿ ಜೋಡಿಸುತ್ತಾರೆ. ಮೇಲಿರುವ ಅರ್ಜಿಯಲ್ಲಿ ನಾಲ್ಕು ದೇಶಗಳ ತಂಡಗಳಿವೆ ಎನ್ನಿ. ಅವುಗಳಲ್ಲಿ ಒಂದು ದೇಶ ಮೀಸಲಿಟ್ಟ ಮೊತ್ತ ಅಷ್ಟರಲ್ಲಿ ಮುಗಿದಿದ್ದರೆ ಇಡೀ ಯೋಜನೆಯೇ ಬಿದ್ದುಹೋಗಬಹುದು, ಕೆಳಗಿನದಕ್ಕೆ ಅದೃಷ್ಟ ಖುಲಾಯಿಸಬಹುದು. ಒಳ್ಳೆಯ ಸಂಶೋಧನೆ ಗೆಲ್ಲುವುದು ಬಿಟ್ಟು ಖಜಾನೆಗಳ ಹೊಂದಾಣಿಕೆ ಗೆಲ್ಲುತ್ತದೆ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ದೇಶಗಳಿರಬೇಕೆಂಬ ಷರತ್ತು ಬೇರೆ. ಪರಿಣತಿ ನೋಡಿ ಜೊತೆಗಾರರನ್ನು ಹುಡುಕಬೇಕಾದವರು ಯಾವ ದೇಶದ ಕೈಯಲ್ಲಿ ಇನ್ನೂ ಹಣವಿದೆ ಎಂದು ಹುಡುಕುತ್ತಾರೆ. ಇದರ ಮೇಲೆ ಒಂದೊಂದು ಸಂಸ್ಥೆಗೂ ಒಂದೊಂದು ಅರ್ಹತಾ ನಿಯಮ, ಒಂದೊಂದು ಲೆಕ್ಕಪತ್ರ, ಒಂದೊಂದು ಗಡುವು. ಸಣ್ಣ ಪ್ರಯೋಗಾಲಯಗಳು ಇದರಲ್ಲೇ ಸೋತುಹೋಗುತ್ತವೆ.

ಬ್ಲ್ಯಾಕ್ ಮಾಸ್ ವಿಷಯಕ್ಕೇ ಬರೋಣ. 2025ರಲ್ಲಿ ಐರೋಪ್ಯ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಅದನ್ನು ಅಪಾಯಕಾರಿ ತ್ಯಾಜ್ಯ ಎಂದು ವರ್ಗೀಕರಿಸಿತು. ಹೀಗಾಗಿ ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಓಇಸಿಡಿಗೆ ಸೇರದ ದೇಶಗಳಿಗೆ ಅದನ್ನು ರಫ್ತು ಮಾಡುವಂತಿಲ್ಲ. ದಕ್ಷಿಣ ಆಫ್ರಿಕಾ ಓಇಸಿಡಿಯಲ್ಲಿಲ್ಲ. ಪರೀಕ್ಷೆಗೆ ಚಿಟಿಕೆ ಪುಡಿ ಹೋದೀತು. ಪೈಲಟ್ ಘಟಕ, ಅಂದರೆ ಸಣ್ಣ ಪ್ರಮಾಣದ ಪ್ರಾಯೋಗಿಕ ಕಾರ್ಖಾನೆ, ಓಡಿಸಲು ಬೇಕಾದ ಟನ್‌ಗಟ್ಟಲೆ ಸರಕು ಹೋಗದು. ನಿಷೇಧ ತಪ್ಪು ಎನ್ನುತ್ತಿಲ್ಲ. ಬಡ ದೇಶಗಳ ಅಂಗಳಕ್ಕೆ ವಿಷ ಸುರಿದ ಇತಿಹಾಸದಿಂದಲೇ ಅಪಾಯಕಾರಿ ತ್ಯಾಜ್ಯ ಗಡಿ ದಾಟುವುದಕ್ಕೆ ಕಡಿವಾಣ ಹಾಕುವ 1989ರ ಬಾಸೆಲ್ ಒಪ್ಪಂದ ಹುಟ್ಟಿದ್ದು. ಆದರೆ ಜಂಟಿ ನಿಧಿ ಎಷ್ಟೇ ದೊಡ್ಡದಿರಲಿ, ಈ ಗೋಡೆಯನ್ನು ದಾಟಲಾರದು.

ಇನ್ನೊಂದು ಅಸಮಾಧಾನ ನನಗಿದೆ. ಹಲವು ಸರ್ಕಾರಗಳು ಸುಲಭವಾಗಿ ಒಪ್ಪುವ ವಿಷಯ ಲೋಹದ ಮರುಬಳಕೆ. ವಸ್ತು ಬೇಗ ಕೆಡದಂತೆ ಮಾಡುವುದು, ರಿಪೇರಿಗೆ ಸಿಗುವಂತೆ ವಿನ್ಯಾಸಗೊಳಿಸುವುದು ಹಿಂದೆ ಬೀಳುತ್ತವೆ, ಏಕೆಂದರೆ ಅಲ್ಲಿ ತಯಾರಕರನ್ನು ಎದುರುಹಾಕಿಕೊಳ್ಳಬೇಕಾಗುತ್ತದೆ. ಒಂದು ದೇಶ ಧೈರ್ಯ ಮಾಡಿ ಒಂಟಿಯಾಗಿಯೇ ಆ ಸಂಶೋಧನೆಗೆ ಹಣ ಹಾಕಬಲ್ಲದು. ಹತ್ತು ದೇಶಗಳ ಸಮಿತಿಯಲ್ಲಿ ಅದು ಪಟ್ಟಿಯ ಕೊನೆಗೆ ಜಾರುತ್ತದೆ.

2027ರ ಫೆಬ್ರುವರಿಯಿಂದ ಐರೋಪ್ಯ ಒಕ್ಕೂಟದಲ್ಲಿ ವಿದ್ಯುತ್ ವಾಹನಗಳ ಬ್ಯಾಟರಿಗೆ ಅದರ ವಿವರಗಳ ದಾಖಲೆಯಾದ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಒಳಗಿರುವ ರಾಸಾಯನಿಕಗಳ ವಿವರ ಬಿಚ್ಚುವವರಿಗೆ ಸಿಗಬೇಕಾದ್ದು ಈ ನಿಯಮದ ದಾರಿಯಲ್ಲೇ. ಸರ್ಕಾರಗಳು ಒಟ್ಟಿಗೆ ಕೂತು ಹೊಂದಿಸಬೇಕಾದ್ದು ಇಂಥ ದತ್ತಾಂಶ, ಅಳತೆಯ ಮಾನದಂಡ, ಸಾಗಣೆಯ ಪರವಾನಗಿಗಳನ್ನು. ಸಂಶೋಧನೆಯ ಹಣ ಆಯಾ ದೇಶದ ನಿರ್ಧಾರಕ್ಕೇ ಇರಲಿ.