ಮಾತು ಬಿಟ್ಟರೆ ಬಿಡಲಿ, ಕೆಲಸ ಯಾಕೆ ನಿಲ್ಲಿಸಬೇಕು?

ಬ್ಯಾಂಕಿನಲ್ಲಿ ಒಬ್ಬರೇ ಮುಗಿಸುವ ಕೆಲಸ ಕಮ್ಮಿ. ಕೌಂಟರಿನಲ್ಲಿ ಒಬ್ಬರು ಎಂಟ್ರಿ ಹಾಕಿದರೆ, ಮಿತಿ ದಾಟಿದ ಮೊತ್ತವನ್ನು ಇನ್ನೊಬ್ಬರು ಪಾಸ್ ಮಾಡಬೇಕು. ಸ್ಟ್ರಾಂಗ್ ರೂಮಿನ ಬೀಗದ ಕೈ ಕೂಡ ಇಬ್ಬರ ಹತ್ತಿರ ಇರುತ್ತದೆ. ಇಂಥ ಕಡೆ ನಮ್ಮ ಆಫೀಸರೊಬ್ಬರು ರಜೆಯ ವಿಷಯಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಬೇಜಾರಿದೆ, ಇಲ್ಲ ಅನ್ನಲಾರೆ. ಆದರೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಾನು ಕಳಿಸಿದ ಎಂಟ್ರಿ ಅವರ ಸ್ಕ್ರೀನಿನಲ್ಲಿ ಹಾಗೇ ಬಿದ್ದಿರುತ್ತದೆ. "ಸರ್, ಇದೊಂದು ಪಾಸ್ ಮಾಡಿ" ಅಂದರೆ ಕೇಳಿಸದ ಹಾಗೆ ವೋಚರ್ ತಿರುವುತ್ತಾರೆ. ತಿಂಗಳ ಮೊದಲ ವಾರ ಬೇರೆ, ಪಿಂಚಣಿಯವರ ಸಾಲು ಬಾಗಿಲ ತನಕ. ಗಾಜಿನ ಆಚೆ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದ ಅಜ್ಜಿ. "ಇನ್ನೂ ಆಗ್ಲಿಲ್ವಾ ಮಗಾ?" ಅಂತ ಕೇಳಿದರೆ ಏನು ಹೇಳಲಿ? ಸರ್ವರ್ ಸ್ಲೋ ಅಂತ ಸುಳ್ಳು ಹೇಳಬೇಕಾ?

ಮುನಿಸು ನನ್ನ ಮೇಲೆ ತಾನೇ? ಊಟದ ಹೊತ್ತಿನಲ್ಲಿ ಕೂತು ನೇರ ಜಗಳ ಆಡಲಿ, ನಾನು ತಯಾರಿದ್ದೇನೆ. ಮ್ಯಾನೇಜರ್ ಸುಮ್ನೆ "ಇಬ್ಬರೂ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾರೆ. ನಾನು ಕೇಳಿದ್ದು ರಾಜಿ ಅಲ್ಲ. ಪಿಂಚಣಿ ವಾರ ಮುಗಿಯುವ ತನಕವಾದರೂ ನನ್ನ ಕೌಂಟರಿನ ಎಂಟ್ರಿಗಳನ್ನು ಬೇರೆ ಆಫೀಸರಿಗೆ ಕೊಡಿ, ಅಷ್ಟೇ.