ವಿನೈಲ್ ಮಾಡಿಸೋ ಮುಂಚೆ ಹಾಡುಗಳ ಅವಧಿ ಕೂಡಿ ನೋಡಿ

ಸ್ವಂತ ಹಾಡುಗಳನ್ನು ವಿನೈಲ್‌ನಲ್ಲಿ, ಅಂದರೆ ಸೂಜಿ ಇಟ್ಟು ಕೇಳುವ ರೆಕಾರ್ಡಿನಲ್ಲಿ, ತರಬೇಕು ಅಂತಿರುವ ಗೆಳೆಯರು ಮೊದಲು ಮಾತಾಡೋದು ಕವರ್ ಬಗ್ಗೆ, ರೆಕಾರ್ಡಿನ ಬಣ್ಣದ ಬಗ್ಗೆ. ಅದೆಲ್ಲ ಆಮೇಲೆ ಇದ್ದೇ ಇದೆ. ಮೊದಲು ಹಾಡುಗಳ ಅವಧಿ ಕೂಡಿ ನೋಡಿ.

ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ರೆಕಾರ್ಡಿಗೆ ಒಂದು ಸೈಡಿಗೆ 18ರಿಂದ 20 ನಿಮಿಷ ಇದ್ದರೆ ಚೆನ್ನ. 25 ನಿಮಿಷವನ್ನೂ ತುರುಕಬಹುದು. ಆದರೆ ಆಗ ಸೂಜಿ ಓಡುವ ಗೆರೆಗಳು ಒತ್ತೊತ್ತಾಗಿ ಕೂರಬೇಕು, ಅದಕ್ಕೆ ಸೌಂಡ್ ತಗ್ಗಿಸಬೇಕು. ಸೌಂಡ್ ತಗ್ಗಿದಷ್ಟೂ ರೆಕಾರ್ಡಿನ ಚರಪರ ಸದ್ದು ಜಾಸ್ತಿ ಕೇಳುತ್ತದೆ. ಎಲ್ಲ ಹಾಡುಗಳನ್ನೂ ಸೊರಗಿಸೋ ಬದಲು ಒಂದು ಹಾಡನ್ನು ಕೈಬಿಡೋದು ಮೇಲು. ಕಷ್ಟದ ನಿರ್ಧಾರವೇ, ಆದರೂ ಮಾಡಲೇಬೇಕು.

ಹಾಡುಗಳ ಸಾಲೂ ಅಷ್ಟೇ ಮುಖ್ಯ. ಸೂಜಿ ಹೊರಅಂಚಿನಲ್ಲಿದ್ದಾಗ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಅದರ ಕೆಳಗೆ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗ! ತಾಳದ ಝಣಝಣ, 'ಸ' 'ಶ'ಗಳೆಲ್ಲ ಅಲ್ಲಿ ಒಡೆದಂತೆ ಕೇಳುತ್ತವೆ. ಹಾಗಾಗಿ ಅಬ್ಬರದ ಹಾಡನ್ನು ಸೈಡಿನ ಕೊನೆಗೆ ಇಡಬೇಡಿ. ಮೆತ್ತಗಿನ ಹಾಡು ಅಲ್ಲಿ ಚೆನ್ನಾಗಿ ಕೂರುತ್ತದೆ. ಇನ್ನೊಂದು ಖುಷಿಯ ವಿಷಯ, ರೆಕಾರ್ಡಿಗೆ ಎರಡು ಆರಂಭ. ಸೈಡ್ ಬಿ ತಿರುವಿ ಹಾಕುವವರು ಮತ್ತೆ ಹೊಸದಾಗಿ ಕಿವಿ ತೆರೆದು ಕೂತಿರುತ್ತಾರೆ ಅಲ್ವಾ? ಅಲ್ಲಿ ಯಾವ ಹಾಡು ಇಡಬೇಕು ಅಂತ ನಾನು ತುಂಬಾ ತಲೆ ಕೆಡಿಸಿಕೊಳ್ಳುತ್ತೇನೆ.

ಮಾಸ್ಟರಿಂಗ್, ಅಂದರೆ ಹಾಡುಗಳ ಸೌಂಡನ್ನು ಕೊನೆಯದಾಗಿ ಹದಮಾಡೋ ಕೆಲಸ, ವಿನೈಲ್‌ಗೆ ಅಂತಲೇ ಬೇರೆ ಮಾಡಿಸಿ. ಸ್ಟ್ರೀಮಿಂಗ್‌ಗೆ ಗಟ್ಟಿಯಾಗಿ ಒತ್ತಿಟ್ಟ ಫೈಲನ್ನೇ ಸುಮ್ನೆ ಕಳಿಸಿದರೆ ಗೆರೆಯಲ್ಲಿ ಅದಕ್ಕೆ ಉಸಿರಾಡಲು ಜಾಗ ಇರೋದಿಲ್ಲ. ಬಾಸ್ ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಹರಡಿಕೊಂಡಿದ್ದರೆ ಸೂಜಿ ಮೇಲೆ ಕೆಳಗೆ ಜಿಗಿಯುತ್ತದೆ. ಅದಕ್ಕೇ ಕೆಳಗಿನ ಬಾಸನ್ನು ಮಧ್ಯಕ್ಕೆ ತರುತ್ತಾರೆ.

ಇನ್ನು ಕಾರ್ಖಾನೆ ಕೆಲಸ. ಸಾಮಾನ್ಯವಾಗಿ ಲ್ಯಾಕರ್ ಅನ್ನೋ ಮೆರುಗು ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿ ಸಿಂಪಡಿಸಿ, ನಿಕಲ್ ಲೇಪಿಸಿ, ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದಲೇ ಮುಂದೆ ಸ್ಟ್ಯಾಂಪರ್‌ಗಳು, ಅಂದರೆ ರೆಕಾರ್ಡ್ ಒತ್ತುವ ಲೋಹದ ತಟ್ಟೆಗಳು, ಬರುತ್ತವೆ. ಬಿಸಿ ಪಿವಿಸಿ ಮುದ್ದೆಯನ್ನು ಎರಡು ಸ್ಟ್ಯಾಂಪರ್‌ಗಳ ನಡುವೆ ಇಟ್ಟು ಒತ್ತಿದರೆ ರೆಕಾರ್ಡ್ ಸಿದ್ಧ. ಲೇಬಲ್‌ಗೆ ಅಂಟು ಬೇಕಿಲ್ಲ, ಆ ಬಿಸಿಯಲ್ಲೇ ಕೂಡಿಕೊಳ್ಳುತ್ತದೆ. ನೂರು ಪ್ರತಿ ಮಾಡಿಸಿದರೂ ಐನೂರು ಮಾಡಿಸಿದರೂ ಈ ಅಚ್ಚಿನ ಖರ್ಚು ಒಂದೇ. ಚಿಕ್ಕ ಆರ್ಡರಿಗೆ ಒಂದೊಂದು ಪ್ರತಿ ದುಬಾರಿ ಬೀಳೋದು ಇದರಿಂದಲೇ.

ಎಷ್ಟೇ ಅವಸರ ಇರಲಿ, ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಎಲ್ಲ ಪ್ರತಿ ಒತ್ತುವ ಮುಂಚೆ ಕೇಳಿ ನೋಡಲು ಕೆಲವನ್ನು ಒತ್ತಿಸೋದು, ಅದನ್ನು ಮಾತ್ರ ಬಿಡಬೇಡಿ. ಬಿಳಿ ಲೇಬಲ್‌ನ ಆ ಕೆಲವು ಪ್ರತಿಗಳನ್ನು ಎರಡು ಮೂರು ಬೇರೆ ಬೇರೆ ಪ್ಲೇಯರ್‌ಗಳಲ್ಲಿ, ಕೊನೆಯ ಗೆರೆಯವರೆಗೂ ಕೇಳಿ. ಎಲ್ಲಾದರೂ 'ಟಕ್' ಅಂದರೆ ಯಾವ ಹಾಡು, ಎಷ್ಟನೇ ನಿಮಿಷ ಅಂತ ಬರೆದಿಟ್ಟು, ಅದೇ ಜಾಗವನ್ನು ಇನ್ನೊಂದು ಪ್ರತಿಯಲ್ಲಿ ಹಾಕಿ ನೋಡಿ. ಒಂದರಲ್ಲಿ ಮಾತ್ರ ಇದ್ದರೆ ಆ ಪ್ರತಿಯ ಮೇಲಿನ ಧೂಳೋ ಗೀರೋ ಇರಬಹುದು. ಎಲ್ಲದರಲ್ಲೂ ಅದೇ ಜಾಗದಲ್ಲಿ ಬಂದರೆ ದೋಷ ಅಚ್ಚಿನಲ್ಲೋ ಕೊರೆತದಲ್ಲೋ ಇದೆ ಅಂತ ಅರ್ಥ. ಆಗ ಸಂಕೋಚ ಬೇಡ, ಒಪ್ಪಿಗೆ ಕೊಡದೆ ಸರಿಮಾಡಿಸಿಕೊಳ್ಳಿ. ಒಪ್ಪಿಗೆ ಕೊಟ್ಟಮೇಲೆ ಅದೇ 'ಟಕ್' ಪ್ರತಿಯೊಂದು ರೆಕಾರ್ಡಿನಲ್ಲೂ ಇರುತ್ತದೆ.