ಖಾಲಿ ಪಟ್ಟಿ, ತುಂಬಿದ ಬಿಲ್ಲು

ಕ್ಲೌಡ್‌ನಲ್ಲಿ, ಅಂದರೆ ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರುಗಳ ಲೋಕದಲ್ಲಿ, ನನ್ನದು ಅಂತ ಒಂದೇ ಒಂದು ಸರ್ವರ್ ಇಲ್ಲ. ಹಾಗಂತ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಹೇಳುತ್ತದೆ. ಪಟ್ಟಿ ಕೊಡಪ್ಪಾ ಅಂತ ಕಮಾಂಡ್ ಕೊಟ್ಟರೆ ಎರಡು ಚೌಕ ಬ್ರಾಕೆಟ್ ಬರುತ್ತವೆ, ನಡುವೆ ಏನೂ ಇಲ್ಲ. ಬಿಲ್ಲು ಮಾತ್ರ ತಿಂಗಳು ತಪ್ಪದೆ ಬರುತ್ತಿದೆ.

ಗುಟ್ಟು ಇರುವುದು ರೀಜನ್‌ನಲ್ಲಿ, ಅಂದರೆ ಸರ್ವರ್ ಇರುವ ಭೂಭಾಗದಲ್ಲಿ. ಕಮಾಂಡು ಹೋಗಿ ನೋಡುವುದು ಸೆಟ್ಟಿಂಗ್‌ನಲ್ಲಿ ಬರೆದಿರುವ ಒಂದೇ ರೀಜನ್. ಸರ್ವರ್ ಇನ್ನೊಂದು ಖಂಡದಲ್ಲಿ ಆರಾಮಾಗಿ ಓಡುತ್ತಿದ್ದರೂ ಅದಕ್ಕೇನು? "ಇಲ್ಲಿಲ್ಲ, ಆ ಕಡೆ ಒಮ್ಮೆ ನೋಡಿ" ಅನ್ನುವ ಸೌಜನ್ಯವೇ ಇಲ್ಲ. ಕೋರ್ಟಿನಲ್ಲಿ ನಿಂತ ಸಾಕ್ಷಿಯ ಹಾಗೆ, ಕೇಳಿದ್ದಕ್ಕಷ್ಟೇ ಉತ್ತರ.

ಸರಿ, ಸೆಟ್ಟಿಂಗ್ ಫೈಲಿನಲ್ಲಿ ರೀಜನ್ ಬದಲಿಸಿದ್ದಾಯಿತು. ಮತ್ತೆ ಖಾಲಿ. ಫೈಲ್ ತೆರೆದರೆ ಹೊಸ ರೀಜನ್ ಕಣ್ಣೆದುರೇ ಇದೆ! ತುಂಬಾ ಹೊತ್ತು ತಲೆ ಕೆರೆದುಕೊಂಡ ಮೇಲೆ ಸಿಕ್ಕಿಬಿದ್ದದ್ದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಟರ್ಮಿನಲ್ ನೆನಪಿಟ್ಟುಕೊಂಡು ಕಮಾಂಡುಗಳಿಗೆ ದಾಟಿಸುವ ಒಂದು ಮೌಲ್ಯ. ಹಳೇ ರೀಜನ್ ಹಿಡಿದುಕೊಂಡು ಸುಮ್ನೆ ಕೂತಿತ್ತು. ಅದರ ಮುಂದೆ ಫೈಲಿನ ಮಾತು ನಡೆಯುವುದಿಲ್ಲ. ಕಮಾಂಡಿನ ಜೊತೆಗೇ ರೀಜನ್ ಟೈಪ್ ಮಾಡಿದರೆ ಇವೆರಡರ ಮಾತೂ ನಡೆಯುವುದಿಲ್ಲ. ಹೊಸ ಟರ್ಮಿನಲ್ ತೆರೆದರೆ ಹೋಗುತ್ತದೆ ಅಲ್ವಾ ಅಂತೀರಾ? ಯಾವ ಪುಣ್ಯಾತ್ಮರೋ ಅದನ್ನು ಬ್ಯಾಶ್‌ಆರ್‌ಸಿ ಫೈಲಿನಲ್ಲೇ ಬರೆದಿಟ್ಟಿದ್ದಾರೆ. ತೆರೆದಾಗಲೆಲ್ಲ ಮತ್ತೆ ಹುಟ್ಟುತ್ತದೆ.

ಇಂಥದ್ದನ್ನೆಲ್ಲ ಒಂದೇ ಏಟಿಗೆ ಸರಿಮಾಡಲು ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಬರೆದೆ. ಓದಲು ಚೆಂದ ಅಂತ, ವೇರಿಯಬಲ್‌ಗೆ ಹೊಸ ರೀಜನ್ ಕೊಡುವ ಸಾಲಿನಲ್ಲಿ ಸಮ ಚಿಹ್ನೆಯ ಆಚೆ ಈಚೆ ಒಂದೊಂದು ಸ್ಪೇಸ್. ಕಮಾಂಡುಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಶೆಲ್‌ಗೆ ಚೆಂದ ಗಿಂದ ಗೊತ್ತಿಲ್ಲ. ವೇರಿಯಬಲ್ ಹೆಸರನ್ನೇ ಕಮಾಂಡ್ ಅಂದುಕೊಂಡು 'ಕಮಾಂಡ್ ನಾಟ್ ಫೌಂಡ್' ಅಂದಿತು. ಸ್ಪೇಸ್ ಅಳಿಸಿದೆ. ಈಗ ತುಟಿ ಪಿಟಕ್ಕೆನ್ನದೆ ಓಡಿತು, ಎರರ್ ಇಲ್ಲ, ಗಲಾಟೆ ಇಲ್ಲ. ರೀಜನ್ ಮಾತ್ರ ಹಳೆಯದೇ! ಸ್ಕ್ರಿಪ್ಟ್ ಓಡುವುದು ಬೇರೆ ಪ್ರೊಸೆಸ್‌ನಲ್ಲಂತೆ, ಅಂದರೆ ತನ್ನದೇ ಬೇರೆ ಶೆಲ್‌ನಲ್ಲಿ. ಅಲ್ಲಿ ಯಾವ ವೇರಿಯಬಲ್ ಎಕ್ಸ್‌ಪೋರ್ಟ್ ಮಾಡಿದರೂ ಅದರ ಜೊತೆಗೇ ಮಣ್ಣುಪಾಲು. ನಮ್ಮ ಶೆಲ್‌ನಲ್ಲೇ ಬದಲಾಗಬೇಕಾದರೆ 'ಸೋರ್ಸ್' ಅಂತ ಕರೆಯಬೇಕು. ಕರೆದೆ.

ಸರ್ವರ್ ಸಿಕ್ಕಿತು! ಸ್ಟಾಪ್ ಅಂದೆ, ನಿಂತಿತು. ಬಿಲ್ಲು ಇಳಿಯಿತೇ ಹೊರತು ನಿಲ್ಲಲಿಲ್ಲ. ಸರ್ವರ್ ಓಡಲಿ, ಮಲಗಲಿ, ಅದರ ಡಿಸ್ಕಿಗೆ ಬಾಡಿಗೆ ಬೇರೆ. ಹಾಗಾದರೆ ಡಿಸ್ಕ್ ಅಳಿಸಿಬಿಡೋಣ ಅಂತ ಹೋದರೆ ಆಗುವುದಿಲ್ಲ, ಡಿಸ್ಕ್ ಬಳಕೆಯಲ್ಲಿದೆ ಅಂತ ಎರರ್. ಯಾರ ಬಳಕೆಯಲ್ಲಿದೆ ಸ್ವಾಮಿ ಅಂತ ವಿಚಾರಿಸಿದೆ. ಆ ನಿಂತ ಸರ್ವರಿನ ಬಳಕೆಯಲ್ಲಂತೆ.